ಚಿತ್ರದ ಮೇಲಿನ ತೆಳು ಪದರ: ಇಂಕ್‌ಜೆಟ್ ಫೋಟೋ, ನಂತೂರಿನ ಗಾಳಿ ಮತ್ತು ಒಂದು ಸ್ಪ್ರೇ ಡಬ್ಬಿಯ ಚರಿತ್ರೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಬಸ್ಸಿನಲ್ಲಿ ಕೂತು ಕೇಳ್ತಿದ್ದೀರೋ, ನಂತೂರು ಸರ್ಕಲ್ಲಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡು ಕೇಳ್ತಿದ್ದೀರೋ, ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಚಾವಡಿಯ ಗೋಡೆಯಲ್ಲಿರುವ ಫೋಟೋಗಳನ್ನು ಒಮ್ಮೆ ಹತ್ತಿರ ಹೋಗಿ ನೋಡಿ. ಅಜ್ಜನ ಕಪ್ಪು ಬಿಳುಪು ಫೋಟೋ ಇರಬಹುದು, 1960ರದ್ದೋ 70ರದ್ದೋ. ಅದರ ಪಕ್ಕದಲ್ಲಿ ಹತ್ತು ವರ್ಷದ ಹಿಂದೆ ಪ್ರಿಂಟ್ ಹಾಕಿಸಿದ ಅಜ್ಜಿಯ ಬಣ್ಣದ ಫೋಟೋ. ಎಷ್ಟೋ ಮನೆಗಳಲ್ಲಿ ಅಜ್ಜ ಇನ್ನೂ ಸ್ಪಷ್ಟವಾಗಿ ಕಾಣ್ತಾರೆ, ಅಜ್ಜಿಯ ಮುಖ ಮಾತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಹಳೆಯದು ಉಳಿಯಿತು, ಹೊಸದು ಹೋಯಿತು. ಯಾಕೆ ಹೀಗೆ?

ಈ ಪ್ರಶ್ನೆ ಹಿಡಿದು ಹೊರಟರೆ ಒಂದು ಸಣ್ಣ ಡಬ್ಬಿ ಎದುರಾಗುತ್ತದೆ. ಇಂಕ್‌ಜೆಟ್ ಪ್ರಿಂಟ್ ಮೇಲೆ ಹೊಡೆಯುವ ರಕ್ಷಣಾ ಸ್ಪ್ರೇ. ಆನ್‌ಲೈನ್‌ನಲ್ಲಿ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಬಣ್ಣ ಮಾಸುವುದಿಲ್ಲ, ನೀರು ಬಿದ್ದರೂ ಏನೂ ಆಗುವುದಿಲ್ಲ ಎಂಬ ಭರವಸೆಯೂ ಜೊತೆಗೇ ಇರುತ್ತದೆ. ಅದು ಎಷ್ಟು ನಿಜ? ಇವತ್ತಿನ ಸಂಚಿಕೆ ಆ ಡಬ್ಬಿಯ ಚರಿತ್ರೆ. ಚಿತ್ರ ಉಳಿಸಲಿಕ್ಕೆ ಮನುಷ್ಯ ಏನೇನು ಬಳಿದ, ಬಳಿದದ್ದರಿಂದ ಏನು ಉಳಿಯಿತು, ಏನು ಹಾಳಾಯಿತು ಎನ್ನುವ ಕಥೆ. ಇದರ ಮೊದಲ ಎರಡು ಅಧ್ಯಾಯ ನೋಡಲಿಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಂತೂರಿನಿಂದ ಮಲ್ಲಿಕಟ್ಟೆ ದಾಟಿ ಪೇಟೆಯ ಕಡೆ ಇಳಿದರೆ ಸಾಕು.

ಬಲ್ಮಠದ ಕಲ್ಲು, ಚಾಪೆಲ್‌ನ ಸುಣ್ಣ

ಮೊದಲ ನಿಲ್ದಾಣ ಬಲ್ಮಠ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1841ರಲ್ಲಿ ಮುದ್ರಣಾಲಯ ಶುರು ಮಾಡಿದರು. 1843ರ ಜುಲೈಯಲ್ಲಿ ಹರ್ಮನ್ ಮೊಗ್ಲಿಂಗ್ ಸಂಪಾದಕತ್ವದಲ್ಲಿ 'ಮಂಗಳೂರ ಸಮಾಚಾರ' ಹೊರಬಂತು. ಕನ್ನಡದ ಮೊದಲ ಪತ್ರಿಕೆ ಅಂತ ಶಾಲೆಯಲ್ಲಿ ಓದಿದ್ದೀರಿ. ಅದನ್ನು ಅಚ್ಚು ಹಾಕಿದ್ದು ಕಲ್ಲಚ್ಚಿನಲ್ಲಿ ಎನ್ನುವುದು ಇವತ್ತಿನ ಕಥೆಗೆ ಮುಖ್ಯ. ನಯ ಮಾಡಿದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದು, ಅದರ ಮೇಲೆ ಕಾಗದ ಒತ್ತಿ ತೆಗೆಯುವ ವಿಧಾನ ಅದು.

ಆ ಮಸಿಯಲ್ಲಿ ಇದ್ದದ್ದು ಏನು? ಕಾಡಿಗೆಯಂಥ ಇಂಗಾಲದ ಪುಡಿ ಮತ್ತು ಎಣ್ಣೆ. ಇಂಗಾಲಕ್ಕೆ ಬಿಸಿಲಾಗಲಿ ತೇವವಾಗಲಿ ಏನೂ ಮಾಡುವುದಿಲ್ಲ. ಕಾಗದ ಹಳದಿ ಆಗಬಹುದು, ಹುಳ ತಿನ್ನಬಹುದು. ಅಕ್ಷರ ಮಾತ್ರ ಕಪ್ಪಾಗಿಯೇ ಇರುತ್ತದೆ. ಅದರ ಮೇಲೆ ಯಾರೂ ಏನನ್ನೂ ಬಳಿಯಬೇಕಾಗಿ ಬರಲಿಲ್ಲ.

ಎರಡನೇ ನಿಲ್ದಾಣ ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಶುರು ಮಾಡಿ ಸುಮಾರು ಎರಡು ವರ್ಷದಲ್ಲಿ ಅಲ್ಲಿಯ ಗೋಡೆ, ಮಾಡುಗಳನ್ನು ಚಿತ್ರಗಳಿಂದ ತುಂಬಿಸಿದರು. ಗೋಡೆಯ ಚಿತ್ರಗಳು ಫ್ರೆಸ್ಕೊ. ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಬಳಿಯುತ್ತಾರೆ. ಸುಣ್ಣ ಗಾಳಿಯ ಜೊತೆ ಸೇರಿ ಗಟ್ಟಿಯಾಗುವಾಗ ಬಣ್ಣದ ಕಣಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಬಣ್ಣ ಗೋಡೆಯ ಮೇಲೆ ಕೂತಿಲ್ಲ, ಗೋಡೆಯೇ ಬಣ್ಣವಾಗಿದೆ. ಹಾಗಿದ್ದರೂ ನಮ್ಮ ಕರಾವಳಿಯ ತೇವ ಬಿಡಲಿಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಇಂಟ್ಯಾಕ್ ಸಂಸ್ಥೆಯ ಪರಿಣತರು ಬಂದು ಆ ಚಿತ್ರಗಳನ್ನು ದುರಸ್ತಿ ಮಾಡಬೇಕಾಯಿತು.

ಇಲ್ಲಿ ಒಂದು ವ್ಯತ್ಯಾಸ ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬಣ್ಣದಲ್ಲಿ ಎರಡು ಜಾತಿ. ಒಂದು ಪುಡಿ ಬಣ್ಣ, ಪಿಗ್ಮೆಂಟ್. ಕಾಡಿಗೆ, ಕಾವಿ ಮಣ್ಣು, ಸುಣ್ಣ ಎಲ್ಲ ಈ ಜಾತಿ. ನೀರಿನಲ್ಲಿ ಕರಗುವುದಿಲ್ಲ, ಕಣಗಳಾಗಿ ತೇಲುತ್ತವೆ. ಇನ್ನೊಂದು ಕರಗುವ ಬಣ್ಣ, ಡೈ. ಬಟ್ಟೆಗೆ ಹಾಕುವ ಬಣ್ಣದ ಹಾಗೆ. ಸಕ್ಕರೆ ಕರಗಿದ ಹಾಗೆ ನೀರಿನಲ್ಲಿ ಕರಗಿಹೋಗುತ್ತದೆ. ಪುಡಿ ಬಣ್ಣದ ಒಂದು ಕಣದಲ್ಲಿ ಲೆಕ್ಕವಿಲ್ಲದಷ್ಟು ಅಣುಗಳು ಒತ್ತೊತ್ತಾಗಿ ಇರುತ್ತವೆ. ಮೇಲಿನವು ಹಾಳಾದರೂ ಒಳಗಿನವು ಉಳಿಯುತ್ತವೆ. ಡೈಯಲ್ಲಿ ಒಂದೊಂದು ಅಣುವೂ ಒಂಟಿ. ಬೆಳಕು, ಗಾಳಿ, ನೀರು ಯಾವುದು ಬಂದರೂ ನೇರವಾಗಿ ಅದಕ್ಕೇ ಪೆಟ್ಟು. ಡೈ ನೋಡಲಿಕ್ಕೆ ಚಂದ, ಬಾಳಿಕೆ ಕಡಿಮೆ.

ಮೊಟ್ಟೆಯ ಬಿಳಿ, ಅರಗು, ವಾರ್ನಿಶ್

ಚಿತ್ರದ ಮೇಲೆ ಪದರ ಬಳಿಯುವುದು ನಮಗೆ ಹೊಸತೇನಲ್ಲ. ಮೈಸೂರಿನ ಗಂಜೀಫಾ ಎಲೆಗಳು ಗೊತ್ತಲ್ಲ, ಕೈಯಲ್ಲಿ ಚಿತ್ರ ಬರೆದ ಆಟದ ದುಂಡಗಿನ ಎಲೆಗಳು? ಹತ್ತಾರು ಕೈ ಬದಲಾಗುವ ಎಲೆ ಸವೆಯಬಾರದು ಅಂತ ಅವಕ್ಕೆ ಅರಗಿನ ಮೆರುಗು ಕೊಡುತ್ತಿದ್ದರು. ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅರಗಿನದ್ದೇ. ಅರಗು ಅಂದರೆ ಒಂದು ಜಾತಿಯ ಸಣ್ಣ ಕೀಟ ಮರದ ರೆಂಬೆಯ ಮೇಲೆ ಸುರಿಸುವ ಅಂಟು. ಅದನ್ನು ಶುದ್ಧ ಮಾಡಿ ಸ್ಪಿರಿಟ್‌ನಲ್ಲಿ ಕರಗಿಸಿದರೆ ಶೆಲ್ಯಾಕ್. ಭಾರತದಿಂದ ಹೋದ ಶೆಲ್ಯಾಕ್ ಯುರೋಪಿನ ಪೀಠೋಪಕರಣಗಳಿಗೆ ಹೊಳಪು ಕೊಟ್ಟಿತು.

ಫೋಟೋಗ್ರಫಿ ಹುಟ್ಟಿದ ಮೇಲೂ ಇದೇ ಚಿಂತೆ ಮುಂದುವರಿಯಿತು. 1850ರಲ್ಲಿ ಫ್ರಾನ್ಸಿನ ಬ್ಲಾಂಕಾರ್ ಎವ್ರಾರ್ ಎಂಬವರು ಕಾಗದಕ್ಕೆ ಮೊಟ್ಟೆಯ ಬಿಳಿ ಲೋಳೆ ಬಳಿದು ಅದರಲ್ಲಿ ಚಿತ್ರ ಮೂಡಿಸುವ ವಿಧಾನ ತಂದರು. ಇದಕ್ಕೆ ಆಲ್ಬುಮೆನ್ ಪ್ರಿಂಟ್ ಅಂತ ಹೆಸರು. ಚಿತ್ರ ಮಿರಿಮಿರಿ ಮಿಂಚಿತು. ಹತ್ತೊಂಬತ್ತನೇ ಶತಮಾನದ ಉಳಿದ ಭಾಗವೆಲ್ಲ ಇದರದ್ದೇ ಕಾರುಬಾರು. ಕೆಲವು ವರ್ಷ ಕಳೆದ ಮೇಲೆ ಆ ಬಿಳಿಯೇ ಹಳದಿ ಆಗತೊಡಗಿತು. ಹಳೆಯ ಫೋಟೋ ಅಂದರೆ ಕಂದು ಹಳದಿ ಬಣ್ಣ ನಮ್ಮ ಕಣ್ಣಿಗೆ ಬರುವುದಕ್ಕೆ ಈ ಮೊಟ್ಟೆಯೂ ಒಂದು ಕಾರಣ. ಇನ್‌ಸ್ಟಾಗ್ರಾಂನಲ್ಲಿ ನೀವು ಹಾಕುವ ವಿಂಟೇಜ್ ಫಿಲ್ಟರ್ ಆ ಹಳದಿಯ ನಕಲು.

1851ರಲ್ಲಿ ಬಂದ ಗಾಜಿನ ನೆಗೆಟಿವ್‌ಗಳದ್ದು ಬೇರೆ ಕಥೆ. ಗಾಜಿನ ಮೇಲಿನ ಪೊರೆ ಉಗುರು ತಾಗಿದರೆ ಕಿತ್ತು ಬರುತ್ತಿತ್ತು. ಅದಕ್ಕೆ ಮರದ ಅಂಟು, ಸ್ಪಿರಿಟ್, ಲ್ಯಾವೆಂಡರ್ ಎಣ್ಣೆ ಸೇರಿಸಿ ವಾರ್ನಿಶ್ ಮಾಡಿ, ಬಿಸಿ ಮಾಡಿದ ಗಾಜಿನ ಮೇಲೆ ಹರಿಸುತ್ತಿದ್ದರು. ಆ ವಾರ್ನಿಶ್ ಇಲ್ಲದಿದ್ದರೆ ಅಂದಿನ ಎಷ್ಟೋ ನೆಗೆಟಿವ್‌ಗಳು ಇಂದು ಇರುತ್ತಿರಲಿಲ್ಲ.

ಇನ್ನು ನಮ್ಮ ಮನೆಗಳ ಗೋಡೆಗೆ ಬಣ್ಣದ ಚಿತ್ರ ತಂದದ್ದು ರಾಜಾ ರವಿವರ್ಮ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವರ ಪ್ರೆಸ್ಸಿನಿಂದ ಲಕ್ಷ್ಮಿ, ಸರಸ್ವತಿಯರು ಮನೆಮನೆಗೆ ಬಂದರು. ಅವು ಕಲ್ಲಚ್ಚಿನ ಚಿತ್ರಗಳು. ತೈಲಚಿತ್ರದ ಹಾಗೆ ಕಾಣಬೇಕೆಂದು ಮೇಲೆ ವಾರ್ನಿಶ್ ಹಚ್ಚುತ್ತಿದ್ದರು, ಅದಕ್ಕೇ ಓಲಿಯೋಗ್ರಾಫ್ ಎಂಬ ಹೆಸರು. ಹಳೆ ಮನೆಗಳ ದೇವರ ಕೋಣೆಯಲ್ಲಿ ಇಂಥ ಲಕ್ಷ್ಮಿ ಈಗಲೂ ಸಿಗುತ್ತಾಳೆ. ಸೀರೆಯ ಕೆಂಪು ಉಳಿದಿರುತ್ತದೆ, ಮೇಲಿನ ವಾರ್ನಿಶ್ ಮಾತ್ರ ಜೇನುತುಪ್ಪದ ಬಣ್ಣಕ್ಕೆ ತಿರುಗಿರುತ್ತದೆ.

ಈ ನೂರು ವರ್ಷದ ಅನುಭವ ಹೇಳುವುದು ಒಂದೇ ಮಾತು. ಚಿತ್ರವನ್ನು ಕಾಯಲು ಹಚ್ಚಿದ ಪದರಕ್ಕೂ ವಯಸ್ಸಾಗುತ್ತದೆ. ಅದು ಚಿತ್ರಕ್ಕಿಂತ ಮೊದಲೇ ಮುದಿಯಾಗಬಹುದು. ಆಗ ಅದನ್ನು ತೆಗೆಯಲಿಕ್ಕೆ ಬರುತ್ತದಾ ಎನ್ನುವುದೇ ನಿಜವಾದ ಪ್ರಶ್ನೆ. ತೈಲಚಿತ್ರಗಳ ಹಳೆಯ ವಾರ್ನಿಶ್ ಅನ್ನು ಮ್ಯೂಸಿಯಂನವರು ದ್ರಾವಕದಲ್ಲಿ ಒರೆಸಿ ತೆಗೆದು ಹೊಸತು ಹಚ್ಚುತ್ತಾರೆ. ಕಾಗದದ ಚಿತ್ರದಲ್ಲಿ ಆ ಅನುಕೂಲ ಇಲ್ಲ. ಪದರ ಕಾಗದದೊಳಗೆ ಇಳಿದುಬಿಟ್ಟಿರುತ್ತದೆ.

ಗಾಜಿನ ಕಟ್ಟು, ಲ್ಯಾಮಿನೇಷನ್ ಕಾಲ

ಇಪ್ಪತ್ತನೇ ಶತಮಾನದಲ್ಲಿ ನಮ್ಮ ಊರಿನ ಸ್ಟುಡಿಯೋಗಳು ಕೊಟ್ಟದ್ದು ಬೆಳ್ಳಿಯ ಫೋಟೋ. ಹೌದು, ಕಪ್ಪು ಬಿಳುಪು ಫೋಟೋದ ಕಪ್ಪು ಅಂದರೆ ಜಿಲೆಟಿನ್ ಪದರದೊಳಗಿನ ಬೆಳ್ಳಿಯ ಸೂಕ್ಷ್ಮ ಕಣಗಳು. ಸರಿಯಾಗಿ ತೊಳೆದು ಒಣಗಿಸಿದ ಪ್ರಿಂಟ್ ತಲೆಮಾರುಗಳ ಕಾಲ ನಿಲ್ಲುತ್ತದೆ. ಅಜ್ಜ ಯಾಕೆ ಇನ್ನೂ ಸ್ಪಷ್ಟವಾಗಿ ಕಾಣ್ತಾರೆ ಅಂದರೆ ಅವರು ಬೆಳ್ಳಿಯಲ್ಲಿ ಇದ್ದಾರೆ.

ಬಾಸೆಲ್ ಮಿಷನ್ನಿನವರು ತೆಗೆದ ಹಳೆ ಮಂಗಳೂರಿನ ಫೋಟೋಗಳು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದ ಸಂಗ್ರಹದಲ್ಲಿವೆ, ಈಗ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಹೆಂಚಿನ ಕಾರ್ಖಾನೆ, ನೇಯ್ಗೆ ಶಾಲೆ, ಅಂದಿನ ಮನೆ ಮಂದಿ ಎಲ್ಲ ಅದರಲ್ಲಿ ಉಂಟು. ನಮ್ಮ ಊರಿನ ಚಿತ್ರ ನೋಡಲು ಆ ಊರಿನ ಕಪಾಟು ತೆರೆಯಬೇಕಾದ ಸ್ಥಿತಿ ಬಂದದ್ದರ ಹಿಂದೆ ಒಂದು ಸರಳ ಸತ್ಯ ಇದೆ. ತಂಪಾದ ಕೋಣೆಯಲ್ಲಿ, ಕತ್ತಲಲ್ಲಿ, ಆಲ್ಬಂ ಒಳಗೆ ಇಟ್ಟ ಫೋಟೋ ಉಳಿಯುತ್ತದೆ. ನಮ್ಮ ಫೋಟೋಗಳು ಇದ್ದದ್ದು ಗೋಡೆಯಲ್ಲಿ. ಹೆಂಚಿನ ಮಾಡು ಸೋರುವ ಗೋಡೆ, ಊದುಬತ್ತಿಯ ಹೊಗೆ, ಹೂವಿನ ಹಾರದ ನೀರು, ಕುಂಕುಮ. ಇದನ್ನು ತಪ್ಪು ಅನ್ನುವಂತಿಲ್ಲ. ಹಿರಿಯರನ್ನು ಕಪಾಟಿನಲ್ಲಿ ಮುಚ್ಚಿಡಲು ನಮಗೆ ಮನಸ್ಸು ಬರುವುದಿಲ್ಲ. ಎದುರಿಗೆ ಇರಬೇಕು, ದಿನಾ ಕಾಣಬೇಕು. ಹಾಗಾಗಿ ರಕ್ಷಣೆಯ ಪ್ರಶ್ನೆ ನಮಗೆ ಹೆಚ್ಚು ಮುಖ್ಯ.

ನಾವು ಕಂಡುಕೊಂಡ ಉತ್ತರ ಗಾಜಿನ ಕಟ್ಟು. ಫೋಟೋಗೆ ಕಟ್ಟು ಹಾಕಿಸುವುದು ಅಂತಲೇ ಹೇಳ್ತೇವೆ. ಒಳ್ಳೆಯ ಉತ್ತರವೇ. ಒಂದೇ ತೊಂದರೆ, ಹೆಚ್ಚಿನ ಕಡೆ ಗಾಜನ್ನು ನೇರ ಫೋಟೋದ ಮೇಲೆ ಒತ್ತಿ ಕೂರಿಸಿಬಿಡುತ್ತಾರೆ. ಮಳೆಗಾಲದಲ್ಲಿ ಜಿಲೆಟಿನ್ ತೇವ ಹೀರಿ ಮೆತ್ತಗಾಗುತ್ತದೆ, ಗಾಜಿಗೆ ಅಂಟಿಕೊಳ್ಳುತ್ತದೆ. ನಾಲ್ಕಾರು ಮಳೆಗಾಲ ಕಳೆದ ಮೇಲೆ ಕಟ್ಟು ಬಿಚ್ಚಿದರೆ ಮುಖ ಗಾಜಿನಲ್ಲಿ, ಕಾಗದ ಕೈಯಲ್ಲಿ. ನಿಮ್ಮ ಮನೆಯಲ್ಲಿ ಹೀಗೆ ಅಂಟಿದ ಫೋಟೋ ಇದ್ದರೆ ದಯವಿಟ್ಟು ಎಳೆಯಬೇಡಿ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, ಆಮೇಲೆ ಮುಂದಿನ ಯೋಚನೆ.

ನಂತರ ಬಂತು ಲ್ಯಾಮಿನೇಷನ್. ರೇಷನ್ ಕಾರ್ಡ್, ಮಾರ್ಕ್ಸ್ ಕಾರ್ಡ್, ಅಜ್ಜನ ಫೋಟೋ, ಎಲ್ಲದಕ್ಕೂ ಅದೇ ಬಿಸಿ ಪ್ಲಾಸ್ಟಿಕ್. ಒಳ ಬದಿಯ ಅಂಟು ಬಿಸಿಗೆ ಕರಗಿ ಕಾಗದವನ್ನು ಕಚ್ಚಿ ಹಿಡಿಯುತ್ತದೆ, ಮತ್ತೆ ಬಿಡುವುದಿಲ್ಲ. ಅಂಚಿನಲ್ಲಿ ಸಣ್ಣ ಬಿರುಕು ಬಂದರೆ ತೇವ ಒಳಗೆ ಹೋಗುತ್ತದೆ, ಹೊರಗೆ ಬರುವ ದಾರಿ ಇಲ್ಲ. ಒಳಗೇ ಬೂಸ್ಟು. ಮೂಲ ಫೋಟೋವನ್ನು ಬಿಸಿ ಲ್ಯಾಮಿನೇಷನ್ ಮಾಡಿಸಿದರೆ ಅದರ ದುರಸ್ತಿಯ ಬಾಗಿಲು ಅಲ್ಲಿಗೇ ಮುಚ್ಚಿತು.

ಸಿರಿಂಜಿಗೆ ತಾಗಿದ ಬಿಸಿ ಕಡ್ಡಿ

ಈಗ ಜಪಾನಿಗೆ ಹೋಗೋಣ, 1977. ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಇಚಿರೊ ಎಂಡೊ ಎಂಬ ಸಂಶೋಧಕರ ಕೆಲಸದ ಮೇಜು. ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಬಿಸಿಯಾದ ಬೆಸುಗೆ ಕಡ್ಡಿ ತಾಗಿತು, ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಬಿಸಿಗೆ ಒಳಗೆ ಗುಳ್ಳೆ ಎದ್ದು ಶಾಯಿಯನ್ನು ಹೊರಗೆ ತಳ್ಳಿತ್ತು. ಬಬಲ್ ಜೆಟ್ ಹುಟ್ಟಿದ್ದು ಹೀಗೆ. ಅಮೆರಿಕದಲ್ಲಿ ಎಚ್‌ಪಿ ಕಂಪನಿಯವರೂ ಸುಮಾರು ಅದೇ ಕಾಲಕ್ಕೆ ಇದೇ ದಾರಿ ಹಿಡಿದು, 1984ರಲ್ಲಿ ಥಿಂಕ್‌ಜೆಟ್ ಎಂಬ ಪ್ರಿಂಟರ್ ಮಾರುಕಟ್ಟೆಗೆ ತಂದರು. ಎಪ್ಸನ್ ಬೇರೆ ತಂತ್ರ ಹಿಡಿಯಿತು. ವಿದ್ಯುತ್ ಹರಿಸಿದರೆ ಆಕಾರ ಬದಲಿಸುವ ಹರಳಿನಿಂದ ಶಾಯಿ ಒತ್ತಿ ಚಿಮ್ಮಿಸುವುದು.

ಸೂಜಿ ಮೊನೆಗಿಂತ ಸಣ್ಣ ತೂತಿನಿಂದ ಶಾಯಿ ಹಾರಬೇಕು, ತೂತು ಕಟ್ಟಿಕೊಳ್ಳಬಾರದು. ಹಾಗಾದರೆ ಯಾವ ಬಣ್ಣ ಅನುಕೂಲ? ಪುಡಿಯಾ, ಕರಗುವುದಾ? ಕರಗುವುದೇ. ಶುರುವಿನ ಕಾಲದ ಬಣ್ಣದ ಇಂಕ್‌ಜೆಟ್‌ಗಳೆಲ್ಲ ಡೈ ಬಳಸಿದವು. ಬಲ್ಮಠದ ಕಾಡಿಗೆ ಮಸಿಯ ಮುಂದೆ ಇದು ಒಂದು ಹೆಜ್ಜೆ ಹಿಂದೆ.

ಇದರ ಪೆಟ್ಟು ಮೊದಲು ತಿಂದವರು ಕಲಾವಿದರು. 1991ರಲ್ಲಿ ಗಾಯಕ ಗ್ರಹಾಂ ನ್ಯಾಶ್ ಕ್ಯಾಲಿಫೋರ್ನಿಯಾದಲ್ಲಿ ನ್ಯಾಶ್ ಎಡಿಷನ್ಸ್ ಎಂಬ ಮುದ್ರಣ ಸ್ಟುಡಿಯೋ ತೆರೆದರು. ಪತ್ರಿಕೆ, ಜಾಹೀರಾತುಗಳ ಕರಡು ನೋಡಲಿಕ್ಕೆ ಇದ್ದ ಐರಿಸ್ ಎಂಬ ದುಬಾರಿ ಇಂಕ್‌ಜೆಟ್ ಯಂತ್ರದಲ್ಲಿ ಕಲಾಚಿತ್ರ ಮುದ್ರಿಸುವ ಸಾಹಸ ಅದು. ಪ್ರಿಂಟ್ ಅದ್ಭುತವಾಗಿ ಬಂತು. ಆದರೆ ಕರಡಿಗೆ ಮಾಡಿದ ಶಾಯಿ ಎಷ್ಟು ದಿನ ಬಾಳೀತು? ಕೆಲವೇ ವರ್ಷಗಳಲ್ಲಿ ಮಾಸಿತು. ಶಾಯಿ ಸುಧಾರಿಸುವುದು ಒಂದು ಕಡೆ, ಮೇಲೆ ಏನಾದರೂ ಹೊಡೆದು ಉಳಿಸುವುದು ಇನ್ನೊಂದು ಕಡೆ. ಇಂಕ್‌ಜೆಟ್‌ಗಾಗಿಯೇ ಮಾಡಿದ ಸ್ಪ್ರೇಗಳು ಬಂದದ್ದು ಈ ಗಡಿಬಿಡಿಯಲ್ಲಿ.

2000ದಲ್ಲಿ ಇನ್ನೊಂದು ಪಾಠ. ಎಪ್ಸನ್ನಿನ ಸ್ಟೈಲಸ್ ಫೋಟೋ 1270 ಎಂಬ ಪ್ರಿಂಟರ್ ಹೆಚ್ಚು ಬಾಳುವ ಬಣ್ಣದ ಭರವಸೆಯೊಂದಿಗೆ ಬಂತು. ಕೆಲವರ ಮನೆಯಲ್ಲಿ ತಿಂಗಳು ತುಂಬುವ ಮೊದಲೇ ಪ್ರಿಂಟ್ ಕಿತ್ತಳೆ ಆಯಿತು, ಅದೇ ಪ್ರಿಂಟ್ ಬೇರೆಯವರಲ್ಲಿ ಸರಿಯಾಗೇ ಇತ್ತು. ಬಿಸಿಲು ಅಂತ ಹೇಳೋಣ ಅಂದರೆ ನೆರಳಲ್ಲಿ ಇಟ್ಟದ್ದೂ ಹಾಗೇ ಆಗಿತ್ತು. ಕಳ್ಳ ಕೊನೆಗೆ ಗಾಳಿಯಲ್ಲಿ ಸಿಕ್ಕಿದ: ಓಝೋನ್. ಬೇಗ ಒಣಗಲೆಂದು ಹೊಸ ಕಾಗದಗಳ ಮೇಲ್ಮೈಯನ್ನು ಸ್ಪಂಜಿನ ಹಾಗೆ ಸೂಕ್ಷ್ಮ ರಂಧ್ರಗಳಿಂದ ಮಾಡಿದ್ದರು. ಶಾಯಿ ಇಳಿಯುವ ಆ ರಂಧ್ರಗಳಲ್ಲೇ ಗಾಳಿಯೂ ಇಳಿಯುತ್ತಿತ್ತು. ಓಝೋನ್ ಮೊದಲು ನೀಲಿ ಡೈಯನ್ನು ತಿಂದಿತು. ನೀಲಿ ಹೋದ ಮೇಲೆ ಉಳಿಯುವುದು ಕೆಂಪು, ಹಳದಿ. ಎರಡೂ ಸೇರಿದರೆ ಕಿತ್ತಳೆ. ಅಜ್ಜಿಯ ಮುಖಕ್ಕೆ ಆದದ್ದು ಇದೇ.

ಈಗ ನಂತೂರಿನ ಗಾಳಿ ನೆನಪಿಸಿಕೊಳ್ಳಿ. ಹೆದ್ದಾರಿ 66 ಇಲ್ಲೇ ಹಾದುಹೋಗುತ್ತದೆ. ವಾಹನಗಳ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್‌ಗಳು ಇರುತ್ತವೆ. ಅವೂ ಡೈಗೆ ಒಳ್ಳೆಯದಲ್ಲ, ಬಿಸಿಲಿಗೆ ಸಿಕ್ಕಿ ಬೇರೆ ಅನಿಲಗಳ ಜೊತೆ ಸೇರಿದರೆ ಅವುಗಳಿಂದ ಓಝೋನ್ ಕೂಡ ಹುಟ್ಟುತ್ತದೆ. ಬೇಸಿಗೆಗೆ ಈ ಅನಿಲಗಳು, ಮಳೆಗಾಲಕ್ಕೆ ತೇವ. ಹತ್ತಿರದ ಅಂಗಡಿಯಲ್ಲಿ ಡೈ ಶಾಯಿಯ ಇಂಕ್‌ಟ್ಯಾಂಕ್ ಪ್ರಿಂಟರಿನಿಂದ ತೆಗೆಸಿ, ಗಾಜಿಲ್ಲದೆ ಗೋಡೆಗೆ ಅಂಟಿಸಿದ ಫೋಟೋಗೆ ಇದಕ್ಕಿಂತ ಕಷ್ಟದ ಜಾಗ ಹುಡುಕುವುದು ಸುಲಭವಿಲ್ಲ.

ಸೊಳ್ಳೆಯಿಂದ ಶುರುವಾದ ಡಬ್ಬಿ

ಶಾಯಿಯ ಕಥೆ ಆಯಿತು, ಇನ್ನು ಡಬ್ಬಿ. ಒತ್ತಿದರೆ ಚಿಮ್ಮುವ ಏರೋಸಾಲ್ ಡಬ್ಬಿಯ ಕಲ್ಪನೆಗೆ 1920ರ ದಶಕದಲ್ಲಿ ನಾರ್ವೆಯ ಎರಿಕ್ ರೋಥೈಮ್ ಪೇಟೆಂಟ್ ಪಡೆದರು. ಅದು ಜನಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದಲ್ಲಿ, ಕಾರಣ ಸೊಳ್ಳೆ. ಪೆಸಿಫಿಕ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರು ಮಲೇರಿಯಾದಿಂದ ಮಲಗುತ್ತಿದ್ದರು. ಗುಡ್‌ಹ್ಯೂ ಮತ್ತು ಸಲಿವಾನ್ ಎಂಬ ಇಬ್ಬರು ಸರ್ಕಾರಿ ವಿಜ್ಞಾನಿಗಳು ಕೈಯಲ್ಲಿ ಹಿಡಿದು ಒತ್ತುವ ಕೀಟನಾಶಕದ ಡಬ್ಬಿ ಮಾಡಿಕೊಟ್ಟರು. ಮಲೇರಿಯಾದ ಪರಿಚಯ ಚೆನ್ನಾಗಿಯೇ ಇರುವ ನಮ್ಮ ಮಂಗಳೂರಿಗರಿಗೆ ಆ ಡಬ್ಬಿಯ ಬೆಲೆ ಹೇಳಿಕೊಡಬೇಕಾಗಿಲ್ಲ.

1949ರಲ್ಲಿ ಅಮೆರಿಕದ ಎಡ್ ಸೀಮೋರ್ ತಮ್ಮ ಅಲ್ಯುಮಿನಿಯಂ ಬಣ್ಣ ತೋರಿಸಲು ಸುಲಭ ದಾರಿ ಹುಡುಕುತ್ತಿದ್ದರು. ಡಬ್ಬಿಯಲ್ಲಿ ತುಂಬಿಸಿ ಚಿಮ್ಮಿಸಿದರೆ ಹೇಗೆ ಅಂತ ಸೂಚಿಸಿದ್ದು ಅವರ ಹೆಂಡತಿ ಬಾನಿ. ಸ್ಪ್ರೇ ಪೇಂಟ್ ಹುಟ್ಟಿತು. ಅದರ ಬೆನ್ನಿಗೆ ಬಣ್ಣವಿಲ್ಲದ ಅಕ್ರಿಲಿಕ್, ಲ್ಯಾಕರ್ ಸ್ಪ್ರೇಗಳು. ಇದ್ದಿಲಿನ ಚಿತ್ರ ಒರೆಸಿಹೋಗದಂತೆ ಹೊಡೆಯುವ ಸ್ಪ್ರೇ ಕಲಾ ಶಾಲೆಗಳಲ್ಲಿ ಇವತ್ತಿಗೂ ಇದೆ.

ಇಲ್ಲಿ ಚರಿತ್ರೆಯ ಒಂದು ತಮಾಷೆ ನೋಡಿ. ಆ ಡಬ್ಬಿಗಳಲ್ಲಿ ಒತ್ತಡ ಕೊಡುತ್ತಿದ್ದದ್ದು ಸಿಎಫ್‌ಸಿ ಎಂಬ ಅನಿಲ. ಅದು ಮೇಲಿನ ವಾತಾವರಣದ ಓಝೋನ್ ಪದರವನ್ನು ತಿನ್ನುತ್ತದೆ ಅಂತ 1974ರಲ್ಲಿ ಮೊಲಿನಾ ಮತ್ತು ರೋಲಂಡ್ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಅದಕ್ಕೆ ಕಡಿವಾಣ ಬಿತ್ತು. ಮೇಲಿನ ಓಝೋನನ್ನು ಕೊಂದು ಹೆಸರು ಕೆಡಿಸಿಕೊಂಡ ಡಬ್ಬಿ, ಮುಂದೆ ಅನಿಲ ಬದಲಿಸಿಕೊಂಡು ಕೆಳಗಿನ ಓಝೋನ್‌ನಿಂದ ಫೋಟೋ ಕಾಯುವ ಕೆಲಸಕ್ಕೆ ಸೇರಿತು. ಈಗಿನ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಬ್ಯೂಟೇನ್, ಪ್ರೊಪೇನ್. ಅಂದರೆ ನಿಮ್ಮ ಅಡುಗೆ ಗ್ಯಾಸಿನ ಸಂಬಂಧಿಕರು. ಜೊತೆಗೆ ಬೇಗ ಆರುವ ದ್ರಾವಕ. ಅರಗಿನ ಮನೆಗೆ ಬೆಂಕಿ ಬಿದ್ದ ಮಹಾಭಾರತದ ಕಥೆ ಗೊತ್ತಲ್ಲ? ದೇವರ ದೀಪ, ಗ್ಯಾಸ್ ಒಲೆ ಇರುವ ಕಡೆ ಇದನ್ನು ತೆಗೆಯಲೇಬೇಡಿ.

ಆಟಿಯಲ್ಲಿ ಹೊಡೆಯಬೇಡಿ

ಸ್ಪ್ರೇ ನಿಜಕ್ಕೂ ಏನು ಮಾಡುತ್ತದೆ? ಮೂರು ಕೆಲಸ. ಕಾಗದದ ರಂಧ್ರಗಳನ್ನು ಮುಚ್ಚಿ ಅನಿಲಕ್ಕೆ ಅಡ್ಡ ನಿಲ್ಲುತ್ತದೆ. ನೀರ ಹನಿ, ಬೆರಳ ಬೆವರು, ಉಜ್ಜುವುದರಿಂದ ಕಾಯುತ್ತದೆ. ಅದರಲ್ಲಿ ಅತಿನೇರಳೆ ಕಿರಣ ಹೀರುವ ವಸ್ತು ಇದ್ದರೆ ಬಿಸಿಲಿನ ಒಂದು ಭಾಗವನ್ನು ತಡೆಯುತ್ತದೆ. ಒಂದು ಭಾಗ ಮಾತ್ರ. ಕಣ್ಣಿಗೆ ಕಾಣುವ ಬೆಳಕು ಕೂಡ ಡೈಯನ್ನು ಮಾಸಿಸುತ್ತದೆ, ಅದನ್ನು ತಡೆದರೆ ಫೋಟೋವೇ ಕಾಣುವುದಿಲ್ಲವಲ್ಲ. ಹಾಗಾಗಿ ಸ್ಪ್ರೇ ಹೊಡೆದ ಫೋಟೋವನ್ನು ಕಿಟಕಿಯ ಎದುರು ಬಿಸಿಲಿಗೆ ಹಾಕಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

2000ದ ನಂತರ ಪುಡಿ ಬಣ್ಣದ ಶಾಯಿಯ ಫೋಟೋ ಪ್ರಿಂಟರ್‌ಗಳು ಬಂದವು. ಕಣವನ್ನು ಅಷ್ಟು ಸಣ್ಣಗೆ ಅರೆಯಲು ಸಾಧ್ಯವಾಯಿತು. ಬಲ್ಮಠದ ಮಸಿಯ ಬುದ್ಧಿ ಇಂಕ್‌ಜೆಟ್‌ಗೆ ಬಂತು ಅನ್ನಿ. ಇಂಥ ಪ್ರಿಂಟ್‌ಗೆ ಬಣ್ಣದ ಬಾಳಿಕೆಗಾಗಿ ಸ್ಪ್ರೇ ಅಷ್ಟು ಬೇಕಾಗಿಲ್ಲ. ಆದರೆ ಮ್ಯಾಟ್ ಕಾಗದದಲ್ಲಿ ಪುಡಿ ಮೇಲೆಯೇ ಕೂತಿರುವುದರಿಂದ ಉಜ್ಜಿದರೆ ಹೋಗುತ್ತದೆ, ಅದಕ್ಕೆ ಸ್ಪ್ರೇ ಸಹಾಯ. ಪ್ರಿಂಟ್ ಹಾಕಿಸುವಾಗ ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಶಾಯಿ ಡೈಯಾ, ಪಿಗ್ಮೆಂಟಾ? ಡಬ್ಬಿ ಕೊಳ್ಳುವ ಮೊದಲು ಈ ಉತ್ತರ ಬೇಕು.

ಇನ್ನು ನಮ್ಮ ಊರಿನ ದೊಡ್ಡ ವಿಷಯ, ತೇವ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಇದು. ಜುಲೈ ತಿಂಗಳ ಬೆಳಗ್ಗೆ ಗಾಳಿಯ ತೇವಾಂಶ ಶೇ 90ರ ಆಸುಪಾಸಿನಲ್ಲಿ ಇರುತ್ತದೆ. ಆ ಗಾಳಿಯಲ್ಲಿ ಲ್ಯಾಕರ್ ಸ್ಪ್ರೇ ಹೊಡೆದರೆ ಏನಾಗುತ್ತದೆ ಗೊತ್ತುಂಟಾ? ದ್ರಾವಕ ಸರ್ರನೆ ಆವಿಯಾಗುತ್ತದೆ. ಸ್ಯಾನಿಟೈಸರ್ ಹಾಕಿದರೆ ಕೈ ತಣ್ಣಗಾಗುವುದಿಲ್ವಾ, ಹಾಗೆ ಪ್ರಿಂಟಿನ ಮೈ ತಣ್ಣಗಾಗುತ್ತದೆ. ತಣ್ಣಗಾದ ಮೈಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂರುತ್ತದೆ, ಆರುತ್ತಿರುವ ಪದರದೊಳಗೆ ಸಿಕ್ಕಿಬೀಳುತ್ತದೆ. ಫೋಟೋ ಮೇಲೆ ಹಾಲಿನ ಕೆನೆಯಂಥ ಬಿಳಿ ಮಬ್ಬು. ಮರದ ಪಾಲಿಶ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು, ಮಳೆಗಾಲದಲ್ಲಿ ಪಾಲಿಶ್ ಬಿಳಿಚುತ್ತದೆ ಅಂತ ಕೆಲಸ ಮುಂದೂಡುತ್ತಾರೆ. ಫೋಟೋದಲ್ಲಿ ಇನ್ನೊಂದು ಅಪಾಯ: ಒಳಗಿನ ತೇವದ ಮೇಲೆ ಮುಚ್ಚಳ ಹಾಕಿದ ಹಾಗೂ ಆಗುತ್ತದೆ.

ಆದ್ದರಿಂದ ಆಟಿ ತಿಂಗಳಲ್ಲಿ ಸ್ಪ್ರೇ ಬೇಡ. ಡಿಸೆಂಬರ್‌ನಿಂದ ಫೆಬ್ರವರಿಯ ನಡುವೆ, ಬೆಳಗ್ಗಿನ ಇಬ್ಬನಿ ಆರಿದ ಮೇಲೆ ಒಂದು ಒಣ ಹಗಲು ಹುಡುಕಿ. ಪ್ರಿಂಟ್ ತೆಗೆದು ಕನಿಷ್ಠ 24 ಗಂಟೆ ಒಣಗಲು ಬಿಡಿ. ಮೇಲಿನ ಧೂಳನ್ನು ಮೆತ್ತನೆ ಬ್ರಷ್‌ನಲ್ಲಿ ತೆಗೆಯಿರಿ. ಡಬ್ಬಿಯನ್ನು ಒಂದೆರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ. ಸುಮಾರು 25ರಿಂದ 30 ಸೆಂಟಿಮೀಟರ್ ದೂರದಿಂದ, ಫೋಟೋದ ಅಂಚಿನ ಹೊರಗೆ ಶುರು ಮಾಡಿ ಇನ್ನೊಂದು ಅಂಚಿನ ಹೊರಗೆ ಮುಗಿಸಿ. ಒಂದೇ ಸಲ ದಪ್ಪಗೆ ಬೇಡ, ತೆಳ್ಳಗೆ ಎರಡು ಮೂರು ಪದರ, ನಡುವೆ ಆರಲು ಸಮಯ. ಮೊದಲ ಪದರ ಅಡ್ಡಕ್ಕಾದರೆ ಎರಡನೆಯದು ಉದ್ದಕ್ಕೆ. ಗಾಜು ಹಾಕುವುದಿದ್ದರೆ ಮರುದಿನ. ಕೆಲಸ ತೆರೆದ ಜಾಗದಲ್ಲಿ, ಮಕ್ಕಳು ದೂರ ಇರಲಿ. ಕೊರೊನಾ ಕಾಲದ ಬಟ್ಟೆ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ಹೆಚ್ಚು ಪ್ರಿಂಟ್ ಇದ್ದರೆ ದ್ರಾವಕದ ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಬೇಕು.

ಯಾವುದಕ್ಕೆ ಹೊಡೆಯಬೇಕು, ಯಾವುದಕ್ಕೆ ಕೂಡದು

ಇಷ್ಟೆಲ್ಲ ಹೇಳಿದ ಮೇಲೆ ಈ ಚರಿತ್ರೆಯ ಸಾರ ಒಂದು ನಿಯಮದಲ್ಲಿ ಹೇಳಬಹುದು. ಮತ್ತೆ ಪ್ರಿಂಟ್ ಹಾಕಲು ಸಾಧ್ಯವಿರುವುದರ ಮೇಲೆ ಮಾತ್ರ ಸ್ಪ್ರೇ ಹೊಡೆಯಿರಿ. ಫೋನಿನಲ್ಲೋ ಡ್ರೈವ್‌ನಲ್ಲೋ ಫೈಲ್ ಇರುವ ಫೋಟೋ ಅಂದರೆ ಗೋಡೆಯಲ್ಲಿರುವುದು ಅದರ ಪ್ರತಿ. ಅದಕ್ಕೆ ಧೈರ್ಯವಾಗಿ ಹೊಡೆಯಬಹುದು. ಅಜ್ಜನ ಬೆಳ್ಳಿಯ ಫೋಟೋ, ಅಪ್ಪ ಅಮ್ಮನ ಮದುವೆ ಆಲ್ಬಂ, ಫೈಲ್ ಕಳೆದುಹೋದ ಏಕೈಕ ಪ್ರಿಂಟ್, ಇವುಗಳ ಮೇಲೆ ಕೂಡದು. ಅವು ಮೂಲ. ಮೊಟ್ಟೆಯ ಲೋಳೆ, ವಾರ್ನಿಶ್, ಲ್ಯಾಮಿನೇಷನ್ ಪ್ರತಿಯೊಂದನ್ನೂ ಅದರ ಕಾಲದ ಜನ ಅತ್ಯುತ್ತಮ ಅಂತಲೇ ನಂಬಿದ್ದರು. ಇವತ್ತಿನ ಸ್ಪ್ರೇ 50 ವರ್ಷದ ನಂತರ ಹೇಗಿರುತ್ತದೆ ಎನ್ನುವುದನ್ನು ನಮ್ಮ ಮೊಮ್ಮಕ್ಕಳು ಹೇಳಬೇಕು. ಮೂಲವನ್ನು ಆ ಪರೀಕ್ಷೆಗೆ ಒಡ್ಡುವ ಹಕ್ಕು ನಮಗೆ ಇಲ್ಲ.

ಮೂಲವನ್ನು ಸ್ಕ್ಯಾನ್ ಮಾಡಿಸಿ, ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಗೋಡೆಗೆ ತಾಗದ ಒಣ ಕಪಾಟಿನಲ್ಲಿ ಇಡಿ. ಗೋಡೆಗೆ ಪ್ರತಿ ಹಾಕಿ, ಹಾರ ಹಾಕಿ, ದಿನಾ ನೋಡಿ. ಕಟ್ಟು ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ಮೌಂಟ್ ಬೋರ್ಡಿನ ಅಂತರ ಇಡಲು ಹೇಳಿ. ಡೈ ಪ್ರಿಂಟ್‌ಗೆ ಗಾಜಿನ ಕಟ್ಟು ಸ್ಪ್ರೇಯಷ್ಟೇ ಒಳ್ಳೆಯ ರಕ್ಷಣೆ. ಗಾಳಿಯ ಓಡಾಟ ನಿಂತರೆ ಅರ್ಧ ಯುದ್ಧ ಗೆದ್ದ ಹಾಗೆ. ಗಾಜನ್ನು ಬೇಕೆಂದಾಗ ತೆಗೆಯಬಹುದು, ಸ್ಪ್ರೇಯನ್ನು ತೆಗೆಯಲಾಗದು. ಗಾಜು ಹಾಕಲು ಆಗದ ಕ್ಯಾನ್‌ವಾಸ್ ಪ್ರಿಂಟ್, ಕೈಯಿಂದ ಕೈಗೆ ಹೋಗುವ ಆಲ್ಬಂ ಪುಟ, ಪ್ರದರ್ಶನದ ಚಿತ್ರ, ಇಂಥವಕ್ಕೆ ಸ್ಪ್ರೇ ನಿಜವಾದ ಉಪಕಾರಿ.

ನನ್ನ ಮಾತು ನಂಬಬೇಕೆಂದಿಲ್ಲ, ನೀವೇ ಪರೀಕ್ಷೆ ಮಾಡಿ. ಒಂದೇ ಫೋಟೋದ ನಾಲ್ಕು ಸಣ್ಣ ಪ್ರಿಂಟ್ ತೆಗೆಸಿ. ಒಂದಕ್ಕೆ ಸ್ಪ್ರೇ ಹೊಡೆಯಿರಿ, ಒಂದಕ್ಕೆ ಗಾಜು ಹಾಕಿ, ಒಂದನ್ನು ಹಾಗೇ ಬಿಡಿ. ಮೂರನ್ನೂ ಒಂದೇ ಗೋಡೆಯಲ್ಲಿ ಅಕ್ಕಪಕ್ಕ ಇಡಿ, ನಾಲ್ಕನೆಯದನ್ನು ಪುಸ್ತಕದೊಳಗೆ ಕತ್ತಲಲ್ಲಿ. ಎಲ್ಲದರ ಹಿಂದೆ ಪೆನ್ಸಿಲ್‌ನಲ್ಲಿ ತಾರೀಕು ಬರೆಯಿರಿ. ಒಂದು ಬೇಸಿಗೆ, ಒಂದು ಮಳೆಗಾಲ ದಾಟಲಿ. ಆಮೇಲೆ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿ, ನಿಮ್ಮ ಮನೆಯ ಗಾಳಿಗೆ ಯಾವ ಪದರ ಸರಿ ಅಂತ ಯಾವ ಜಾಹೀರಾತಿಗಿಂತಲೂ ಚೆನ್ನಾಗಿ ಗೊತ್ತಾಗುತ್ತದೆ. ಪೆನ್ಸಿಲ್ ಅಂತ ಯಾಕೆ ಹೇಳಿದೆ ಗೊತ್ತಾಯ್ತಲ್ಲ? ಅದರ ಮೊನೆಯಲ್ಲಿ ಇರುವುದೂ ಇಂಗಾಲವೇ.

ಫಲಿತಾಂಶದ ಫೋಟೋ ತೆಗೆದು ನಮಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.